ಕಾಯಂ ಎಂದು ಹೇಳದವಳು

ನಮ್ಮ ದೊಡ್ಡವ್ವನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿದ್ದ ಮಾತು ‘ಕಾಯಂ’. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಬಿಡದಿಯಲ್ಲಿ, ರೈಲು ನಿಲ್ದಾಣದಿಂದ ಪೇಟೆಗೆ ಬರುವ ದಾರಿಯಲ್ಲಿ ಅವಳೂ ದೊಡ್ಡಪ್ಪನೂ ತಟ್ಟೆ ಇಡ್ಲಿಯ ಹೋಟೆಲು ನಡೆಸುತ್ತಿದ್ದರು. ಹೋಟೆಲು ಎನ್ನುವುದು ಮರ್ಯಾದೆಗೆ. ವಾಸದ ಮನೆಯ ಮುಂದಿನ ಅಂಕಣಕ್ಕೆ ಎರಡು ಬೆಂಚು ಹಾಕಿ, ಮೂಲೆಯಲ್ಲಿ ಒಂದು ಒಲೆ ಹೂಡಿದ್ದರು, ಅಷ್ಟೆ. ಕಾರಿನ ಕಾರ್ಖಾನೆ ಇನ್ನೂ ಬಂದಿರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ರಾಮನಗರಕ್ಕೆ ರೇಷ್ಮೆ ಗೂಡು ಹೊರುವವರು, ಮೇಷ್ಟ್ರುಗಳು, ಆಫೀಸುಗಳ ಜವಾನರು ಬೆಳಗಿನ ರೈಲಿಗೆ ಮುಂಚೆ ಅಲ್ಲಿ ತಿಂದುಕೊಂಡು ಓಡುತ್ತಿದ್ದರು.

ದೊಡ್ಡವ್ವನ ಲೋಕದಲ್ಲಿ ಇದ್ದದ್ದು ಎರಡೇ ಜಾತಿ. ಕಾಯಂ ಗಿರಾಕಿ ಒಂದು, ಹಾದಿಹೋಕ ಇನ್ನೊಂದು. ಹಾದಿಹೋಕ ಬಂದು ಕೂತರೆ ‘ಏನ್ ಕೊಡ್ಲಿ?’ ಎಂದು ಕೇಳಬೇಕು. ಕಾಯಂ ಗಿರಾಕಿಯನ್ನು ಕೇಳಬಾರದು, ಕೇಳಿದರೆ ಅವನಿಗೆ ಅವಮಾನ ಮಾಡಿದ ಹಾಗೆ. ಅವನು ಚಪ್ಪಲಿ ಬಿಟ್ಟು ಬೆಂಚಿಗೆ ಬರುವಷ್ಟರಲ್ಲಿ ತಟ್ಟೆ ಅಲ್ಲಿರುತ್ತಿತ್ತು. ಬೆಣ್ಣೆ ಬೇಕೆನ್ನುವವನ ತಟ್ಟೆಯಲ್ಲಿ ಬೆಣ್ಣೆ, ಖಾರ ಆಗದವನ ತಟ್ಟೆಯಲ್ಲಿ ಬರೀ ಕಾಯಿಚಟ್ನಿ. ಯಾರು ಯಾವಾಗ ಕಾಯಂ ಆಗಬೇಕೆಂಬುದು ಅವಳೊಬ್ಬಳ ತೀರ್ಮಾನ. ಅದರಲ್ಲಿ ದೊಡ್ಡಪ್ಪ ತಲೆ ಹಾಕುವ ಹಾಗಿರಲಿಲ್ಲ.

ಒಬ್ಬ ಎಳೆಯ ಗುಮಾಸ್ತ ಮಳೆಗಾಲ ಚಳಿಗಾಲ ಎರಡನ್ನೂ ನಮ್ಮ ಬೆಂಚಿನಲ್ಲೇ ಕಳೆದ. ಆದರೂ ದೊಡ್ಡವ್ವ ಪ್ರತಿ ದಿನ ಅವನ ಮುಂದೆ ನಿಂತು ‘ಏನ್ ಕೊಡ್ಲಿ?’ ಎನ್ನುತ್ತಿದ್ದಳು. ಅವನು ಮುಖ ಊದಿಸಿಕೊಂಡು ‘ನಿನ್ನೆ ಕೊಟ್ಟದ್ದೇ’ ಎನ್ನುತ್ತಿದ್ದ. ಯಾಕೆ ಹಾಗೆ ಮಾಡುತ್ತೀ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, ‘ಅವ್ನು ಮದ್ವೆ ಆಗೋಗಂಟ ಬತ್ತಾನೆ. ಕಾಯಂ ಅಲ್ಲ ಬುಡು’ ಎಂದಳು. ಅವಳು ಹೇಳಿದಂತೆಯೇ ಆಯಿತು. ಮದುವೆಯಾದ ಮೇಲೆ ಅವನು ನಮ್ಮ ಮುಂದೆಯೇ ಟಿಫನ್ ಡಬ್ಬಿ ಹಿಡಿದುಕೊಂಡು, ಆ ಕಡೆ ನೋಡಿಕೊಂಡು ಹೋಗುತ್ತಿದ್ದ.

ಗಿರಾಕಿಗಳಿಗೆ ಮಾತ್ರವಲ್ಲ, ಆ ಪದ ಎಲ್ಲದಕ್ಕೂ ಅಂಟಿಕೊಳ್ಳುತ್ತಿತ್ತು. ದೊಡ್ಡಪ್ಪನ ಕೆಮ್ಮು ಕಾಯಂ. ಹೆಂಚು ಸೋರುವ ಜಾಗ ಕಾಯಂ. ಮೈಸೂರು ಕಡೆಯಿಂದ ಬರುವ ಗಾಡಿ ತಡವಾಗುವುದು ಕಾಯಂ. ಸೌಟಿಗೆ ಗೋಡೆಯಲ್ಲಿ ಒಂದು ಕಾಯಂ ಮೊಳೆ ಇತ್ತು, ಬೇರೆ ಮೊಳೆಗೆ ಹಾಕಿದರೆ ಬೈಗುಳ. ಕಾಯಂ ಗಿರಾಕಿಗಳಲ್ಲಿ ರಾಮನಗರದ ಸಾಬರೊಬ್ಬರಿದ್ದರು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬಿನವರು, ಹೆಂಡತಿಯ ತವರು ಬಿಡದಿಯಲ್ಲೇ ಇದ್ದುದರಿಂದ ವಾರದ ಅರ್ಧ ಭಾಗ ಇಲ್ಲೇ ಇರುತ್ತಿದ್ದರು. ಅವರು ದೊಡ್ಡವ್ವನನ್ನು ರೇಗಿಸುತ್ತಿದ್ದರು. ‘ಅದು ನಮ್ಮ ಮಾತು ಅಮ್ಮ. ನಿಮ್ಮೋರು ಕೈಗಡ ಇಸ್ಕೊಂಡು ಹೋದ್ರು, ವಾಪಸ್ ಕೊಡ್ಲೇ ಇಲ್ಲ.’ ಹಾಗಾದರೆ ಅದರ ಅರ್ಥ ಏನು ಎಂದು ನಾನು ಕೇಳಿದೆ. ‘ನಿಂತಿರೋದು’ ಎಂದರು. ‘ಕುಂತದ್ದಲ್ಲ, ಮಲಗಿದ್ದಲ್ಲ. ಬೀಳದೆ ನಿಂತಿರೋದು.’ ಆಗ ನಾನು ಶಾಲೆಗೆ ಹೋಗುತ್ತಿದ್ದ ಹುಡುಗಿ. ಆ ಅರ್ಥ ನನಗೆ ಹಿಡಿಸಿತು, ಯಾಕೆಂದರೆ ಆ ಪದದ ಮೇಲೆ ನನಗೆ ಸ್ವಂತದ ಒಂದು ಆಸೆ ಇತ್ತು.

ಆಸೆ ಇಷ್ಟೆ. ದೊಡ್ಡವ್ವ ಆ ಪದವನ್ನು ನನ್ನ ಬಗ್ಗೆ ಹೇಳಬೇಕು.

ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನಲ್ಲಿ, ಕೋಡಿಹಳ್ಳಿ ಕಡೆಯ ಒಂದು ಊರಲ್ಲಿ. ನನ್ನ ತಂಗಿ ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು. ಬಾಣಂತಿಯನ್ನು ನೋಡುವುದೋ, ದನ ನೋಡುವುದೋ, ಮಕ್ಕಳನ್ನು ನೋಡುವುದೋ ಎಂದು ಅಪ್ಪನಿಗೆ ದಿಕ್ಕು ತೋಚದೆ, ನಡುವಿನವಳಾದ ನನ್ನನ್ನು ತಂದು ಬಿಡದಿಯಲ್ಲಿ ಬಿಟ್ಟ. ‘ಒಂದಿಷ್ಟು ದಿನ’ ಎಂದಿದ್ದನಂತೆ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವ ಎದ್ದು ಓಡಾಡುವ ಹೊತ್ತಿಗೆ ನನ್ನನ್ನು ಬಿಡದಿಯ ಶಾಲೆಗೆ ಸೇರಿಸಿಯಾಗಿತ್ತು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ, ಇರಲಿ ಎಂದು ಯಾರೂ ಹೇಳಲೂ ಇಲ್ಲ. ನಮ್ಮ ಕಡೆ ದೊಡ್ಡ ದೊಡ್ಡ ವಿಷಯಗಳೆಲ್ಲ ಹೀಗೇ, ಯಾರೂ ಬಾಯಿ ಬಿಡದೆ ತಮ್ಮಷ್ಟಕ್ಕೆ ತೀರ್ಮಾನವಾಗುತ್ತವೆ.

ಹೊಸಬರು ಯಾರಾದರೂ ನನ್ನನ್ನು ಕಂಡು ‘ನಿಮ್ ಮಗ್ಳಾ?’ ಎಂದು ಕೇಳಿದರೆ ದೊಡ್ಡವ್ವ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಉತ್ತರಿಸುತ್ತಿದ್ದಳು. ‘ಅಯ್ ಎಲ್ಲಿ ಬಂತು! ನಮ್ ತಂಗಿ ಮಗ್ಳು. ಬಂದೈತೆ, ಹೋಯ್ತದೆ.’ ಮಳೆಯ ಬಗ್ಗೆ, ನೆಂಟರ ಬಗ್ಗೆ ಹೇಳುವ ಹಾಗೆ. ಅದೇ ಉಸಿರಿನಲ್ಲಿ ತಿರುಗಿ ಇನ್ನೊಬ್ಬನಿಗೆ, ‘ನಿಂದ್ ಕಾಯಂ ಜಾಗ ಖಾಲಿ ಐತೆ, ಕುಂತ್ಕಳಪ್ಪ’ ಎನ್ನುತ್ತಿದ್ದಳು. ಬೆಂಚಿನ ಮೇಲಿನ ಗೇಣು ಜಾಗ ಕಾಯಂ ಆಗಿತ್ತು. ಅವಳ ಪಕ್ಕದಲ್ಲೇ ಮಲಗುತ್ತಿದ್ದ ನಾನು ಬಂದಿದ್ದೆ, ಹೋಗುವವಳಿದ್ದೆ.

ಬೇಸಿಗೆ ರಜೆಗೆ ಅಪ್ಪ ಬಂದು ಊರಿಗೆ ಕರೆದೊಯ್ಯುತ್ತಿದ್ದ. ಆಗ ದೊಡ್ಡವ್ವ ನನ್ನ ಸಾಮಾನನ್ನೆಲ್ಲ ಒಂದು ಬಿಡದೆ ಟ್ರಂಕಿಗೆ ತುಂಬುತ್ತಿದ್ದಳು. ಬಿರುಬಿಸಿಲಿನಲ್ಲಿ ಉಲ್ಲನ್ ಸ್ವೆಟರು, ಮುಗಿದ ತರಗತಿಯ ಪುಸ್ತಕ, ಮುರಿದ ಬಾಚಣಿಗೆ, ಎಲ್ಲವನ್ನೂ. ಇದೆಲ್ಲ ಯಾಕೆ, ರಜೆ ಮುಗಿದ ಮೇಲೆ ಬರುತ್ತೇನಲ್ಲ ಎಂದರೆ, ‘ತಗಂಡೋಗು. ಬಂದ್ರೆ ತರೀವಂತೆ’ ಎನ್ನುತ್ತಿದ್ದಳು. ‘ಬಂದ್ರೆ’ ಎಂಬ ಆ ಮಾತು ನನಗೆ ಆಗುತ್ತಲೇ ಇರಲಿಲ್ಲ. ಟ್ರಂಕು ಹೊತ್ತುಕೊಂಡು ಕನಕಪುರದಲ್ಲಿ ಬಸ್ಸು ಬದಲಾಯಿಸುವಾಗ ಅಪ್ಪ ಅದರೊಳಗೆ ಏನು ಕಲ್ಲು ತುಂಬಿದ್ದಾಳೆ ನಿಮ್ಮ ದೊಡ್ಡವ್ವ ಎಂದು ಬೈದುಕೊಳ್ಳುತ್ತಿದ್ದ. ರಜೆ ಮುಗಿದ ಮೇಲೆ ಅದೇ ಟ್ರಂಕು, ಅದೇ ಸ್ವೆಟರು ಮತ್ತೆ ಬಿಡದಿಗೆ ಬರುತ್ತಿದ್ದವು. ಬಾಗಿಲಲ್ಲಿ ನನ್ನನ್ನು ಕಂಡಾಗ ದೊಡ್ಡವ್ವ ‘ಬಂದ್ಯಾ’ ಎಂದು ಮಾತ್ರ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಒಳಗೆ ಹೋಗಿ ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಎಸ್ಸೆಸ್ಸೆಲ್ಸಿ ಪಾಸಾದೆ. ರಾಮನಗರದಲ್ಲಿ ಕಾಲೇಜು ಸೇರಿ ಬಿಡದಿಯಿಂದ ರೈಲಿನಲ್ಲಿ ಓಡಾಡುವುದೆಂದು ನಾನೂ ದೊಡ್ಡಪ್ಪನೂ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಅಪ್ಪ ಬಂದ. ಹುರುಳಿಯ ಚೀಲ ಇಳಿಸಿ, ಇಡ್ಲಿ ತಿಂದು, ಕೈ ತೊಳೆದು, ಗಿರಾಕಿಗಳು ಕರಗಿದ ಮೇಲೆ ಬೆಂಚಿನ ತುದಿಯಲ್ಲಿ ಕೂತ. ಅಪ್ಪ ಒರಟ, ಆದರೆ ಮಾತಿನಲ್ಲಿ ಸುತ್ತುಬಳಸು ಇಲ್ಲದ ಮನುಷ್ಯ.

‘ಅತ್ತಿಗೆ, ಮಗ ಬೆಳ್ದು ನಿಂತವ್ಳೆ. ಊರಲ್ಲಿ ಜನ ಕೇಳ್ತಾರೆ, ನಿನ್ ಮಗ್ಳೋ ಅವ್ರ್ ಮಗ್ಳೋ ಅಂತ. ನಾನೇನಂತ ಹೇಳ್ಲಿ? ಕಾಯಂ ಮಡಿಕ್ಕತೀನಿ ಅಂತ ನೀನು ಒಂದೇ ಒಂದ್ ಮಾತ್ ಅಂದ್ಬುಡು, ನಾನು ಸುಮ್ನೆ ಬಸ್ ಹತ್ತೀನಿ. ಓದ್ಸದೋ, ಮದ್ವೆ ಮಾಡದೋ, ಎಲ್ಲ ನಿಂದೇ. ಇಲ್ಲ ಅಂದ್ರೆ ಇವತ್ತೇ ಕರ್ಕಂಡೋಯ್ತೀನಿ. ಅಲ್ಲೂ ಇಲ್ದೆ ಇಲ್ಲೂ ಇಲ್ದೆ ಹೆಣ್ಮಗೀನ ಬುಡಕ್ಕಾಯ್ತದಾ?’

ನ್ಯಾಯವಾದ ಮಾತೇ. ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ, ಅದು ಅವರಿಬ್ಬರಿಗೂ ಗೊತ್ತಿತ್ತು. ದೊಡ್ಡವ್ವ ಇಡ್ಲಿ ತಟ್ಟೆಗಳಿಗೆ ಹಾಸುವ ಬಟ್ಟೆಯ ತುಂಡುಗಳನ್ನು ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಒಲೆಯ ಮುಂದಿದ್ದ ದೊಡ್ಡಪ್ಪ, ‘ಅಂದ್ಬುಡೇ’ ಎಂದ. ಆಮೇಲೆ ಇನ್ನೊಂದು ಸಲ, ಬೇಡಿಕೊಳ್ಳುವ ಹಾಗೆ, ‘ಅಂದ್ಬುಡೇ, ಏನಾಗದು?’ ಎಂದ.

‘ಹೆತ್ತೋರು ನೀವು’ ಎಂದಳು ದೊಡ್ಡವ್ವ. ‘ಕರ್ಕಂಡೋದ್ರೂ ಸರಿ, ಬುಟ್ರೂ ಸರಿ. ನಂದೇನೈತೆ ಇದ್ರಲ್ಲಿ?’

‘ಬುಟ್ರೂ ಸರಿ ಅಂದ್ರೆ ಕಾಯಂ ಅಂತ್ಲಾ?’

‘ಆ ಮಾತ್ನ ನನ್ ಬಾಯಲ್ಲಿ ಬರ್ಸ್ಬೇಡ ಕಣಪ್ಪ.’

ಅಪ್ಪ ಎದ್ದು ಅಂಗಿ ಕೊಡವಿಕೊಂಡ. ನನ್ನ ಟ್ರಂಕು ಹೊರಗೆ ಬಂತು. ಅದಕ್ಕೆ ತುಂಬುವುದೇನೂ ಹೊಸದಾಗಿರಲಿಲ್ಲ, ಅವಳಿಗೆ ರೂಢಿಯಾಗಿತ್ತು. ನಾನು ಅಳಲಿಲ್ಲ. ದುಃಖ ಇತ್ತು, ಆದರೆ ಸಿಟ್ಟು ಅದರ ಮೇಲೆ ಭದ್ರವಾಗಿ ಕೂತಿತ್ತು. ಹಾರೋಹಳ್ಳಿ ದಾಟುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿಂದದ್ದನ್ನೆಲ್ಲ ಕಕ್ಕಿದೆ. ಪಿತ್ತ ಎಂದ ಅಪ್ಪ. ಇರಬಹುದು.

ಊರಿನಲ್ಲಿ ನನಗೆ ‘ಬಿಡದಿಯವಳು’ ಎಂದು ಹೆಸರಾಯಿತು. ಅಕ್ಕ ತಂಗಿಯರು ಒಳ್ಳೆಯವರೇ, ಅವ್ವನೂ ಒಳ್ಳೆಯವಳೇ. ಆದರೆ ಊಟದ ಹೊತ್ತಿಗೆ ಅವ್ವ ನನ್ನನ್ನು ‘ಮುದ್ದೆ ಇಕ್ಲಾ? ಅನ್ನ ಉಣ್ತೀಯಾ?’ ಎಂದು ಕೇಳುತ್ತಿದ್ದಳು. ಉಳಿದ ಮಕ್ಕಳನ್ನು ಕೇಳುತ್ತಿರಲಿಲ್ಲ. ಅವಳು ಪ್ರೀತಿಯಿಂದಲೇ ಕೇಳುತ್ತಿದ್ದದ್ದು. ಹೋಟೆಲಿನಲ್ಲಿ ಬೆಳೆದ ನನಗೆ ಮಾತ್ರ ಆ ಪ್ರಶ್ನೆಯ ಬೆಲೆ ಗೊತ್ತಿತ್ತು. ಒಂದು ಮನೆಯಿಂದ ಹೊರಟಿದ್ದೆ, ಇನ್ನೊಂದನ್ನು ತಲುಪಿರಲಿಲ್ಲ. ಓದುವುದನ್ನು ಮಾತ್ರ ಬಿಡಲಿಲ್ಲ. ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿದೆ, ಟೀಚರ್ ತರಬೇತಿಯಾಯಿತು, ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಹಂಗಾಮಿ, ಆಮೇಲೆ ಕಾಯಂ.

ಕೆಲಸ ಕಾಯಂ ಆದ ದಿನ ಮುಖ್ಯೋಪಾಧ್ಯಾಯರು ಕೈ ಕುಲುಕಿ, ‘ಇನ್ನು ನಿಮ್ಮನ್ನ ಎಲ್ಲಿಗೆ ಬೇಕಾದ್ರೂ ವರ್ಗ ಮಾಡ್ಬಹುದು’ ಎಂದು ನಕ್ಕರು. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಶಾಲೆಯಲ್ಲಿ ಕಾಯಂ ಆದವರೆಲ್ಲ ಗಂಟು ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಒಂದೇ ಕಡೆ ಗಟ್ಟಿಯಾಗಿ ಕೂತಿದ್ದವಳು ದಿನಗೂಲಿಯ ಆಯಾ ಒಬ್ಬಳೇ.

ಆ ಶಾಲೆಯಲ್ಲೇ ಒಂದು ದಿನ ಪಾಠದಲ್ಲಿ ‘ಶಾಶ್ವತ’ ಎಂಬ ಪದ ಬಂತು. ಅರ್ಥ ಕೇಳಿದ್ದಕ್ಕೆ ಇಡೀ ತರಗತಿ ಒಂದೇ ಕೊರಳಿನಲ್ಲಿ ‘ಕಾಯಂ!’ ಎಂದು ಕೂಗಿತು. ಸರಿ, ಆ ಪದವನ್ನೇ ಬಳಸಿ ಒಂದೊಂದು ವಾಕ್ಯ ಹೇಳಿ ಎಂದೆ. ಒಬ್ಬ, ನಮ್ಮೂರ ಬಸ್ಸು ಕಾಯಂ ಬರಲ್ಲ ಎಂದ. ಒಬ್ಬಳು, ನಮ್ಮಪ್ಪ ಕುಡಿಯೋದು ಬಿಟ್ಟೆ ಅಂತ ಹೇಳವ್ನೆ, ಕಾಯಮ್ಮೋ ಏನೋ ಗೊತ್ತಿಲ್ಲ ಎಂದಳು. ಇನ್ನೊಬ್ಬಳು, ನಮ್ಮ ಮಿಸ್ಸು ಇಲ್ಲಿ ಕಾಯಂ ಇರ್ಬೇಕು ಎಂದು ಹೇಳಿ ನಾಚಿ ಕೂತಳು. ಕಿಟಕಿಯ ಆಚೆ ಸಾವನದುರ್ಗ ತನ್ನ ಪಾಡಿಗೆ ತಾನು ನಿಂತಿತ್ತು. ಅಷ್ಟು ದೊಡ್ಡ ಬಂಡೆ ಕಣ್ಣೆದುರಿಗೇ ಇದ್ದರೂ ‘ಬೆಟ್ಟ ಕಾಯಂ’ ಎಂದು ಒಂದು ಮಗುವೂ ಹೇಳಲಿಲ್ಲ. ಅಲ್ಲಾಡದ ವಸ್ತುವಿಗೆ ಯಾರೂ ಆ ಪದವನ್ನು ಖರ್ಚು ಮಾಡುವುದಿಲ್ಲ, ಅಲ್ಲಾಡುವುದಕ್ಕೇ ಅದನ್ನು ಮೊಳೆಯ ಹಾಗೆ ಹೊಡೆಯುತ್ತಾರೆ ಎಂದು ಆಗ ನನಗೆ ಅನ್ನಿಸಿತು. ಅನ್ನಿಸಿದ್ದೇನೋ ನಿಜ, ಅದರಿಂದ ನನ್ನ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಅಷ್ಟು ವರ್ಷ ನಾನು ಬಿಡದಿಗೆ ಹೋಗಿರಲಿಲ್ಲ ಎಂದಲ್ಲ. ಹಬ್ಬಕ್ಕೆ ಹೋಗುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ, ಇಡ್ಲಿ ತಿಂದು ಬರುತ್ತಿದ್ದೆ. ಇಬ್ಬರೂ ಮಳೆ ಬೆಳೆ ಮಾತಾಡುತ್ತಿದ್ದೆವು. ಕೆಲಸ ಸಿಕ್ಕ ಸುದ್ದಿ ಹೇಳಿದಾಗ ದೊಡ್ಡವ್ವ, ‘ಹೂಂ, ಇರೋಗಂಟ ಇರ್ಲಿ’ ಎಂದಳು. ಇಂಥ ಹರಕೆ ಪಡೆದ ಮೇಷ್ಟರಮ್ಮ ಈ ರಾಜ್ಯದಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ.

ಆಮೇಲೆ ನನ್ನ ಮದುವೆ ಗೊತ್ತಾಯಿತು. ಗಂಡು ಚನ್ನಪಟ್ಟಣದ ಹತ್ತಿರ ಬೈರಾಪಟ್ಟಣದವರು, ಮದುವೆ ಚನ್ನಪಟ್ಟಣದ ಛತ್ರದಲ್ಲಿ. ಮೊದಲ ಕರೆ ಬಿಡದಿಗೇ ಹೋಗಬೇಕೆಂದು ಅವ್ವ ಹಟ ಹಿಡಿದು ನನ್ನನ್ನು ಹೊರಡಿಸಿದಳು. ಬಸ್ಸಿನಲ್ಲಿ ನಾನು ಬಾಯಿ ಬಿಟ್ಟೇ ಬಿಟ್ಟೆ. ‘ನನ್ನ ಬಗ್ಗೆ ಒಂದೇ ಒಂದು ಮಾತು ಹೇಳು ಅಂದ್ರೆ ಆಗ್ಲಿಲ್ಲ ಅವಳ ಕೈಲಿ. ಅವಳಿಗ್ಯಾಕೆ ಮೊದ್ಲು ಕರೆ?’

ಅವ್ವ ಕುಂಕುಮದ ಬಟ್ಟಲು ಬೀಳದ ಹಾಗೆ ಮಡಿಲಲ್ಲಿ ಭದ್ರ ಮಾಡಿಕೊಂಡಳು. ಆಮೇಲೆ, ‘ನಿಂಗೆ ಯಾರೂ ಹೇಳ್ಲಿಲ್ವಾ?’ ಎಂದಳು. ನನಗೆ ಯಾರೂ ಏನೂ ಹೇಳಿರಲಿಲ್ಲ. ಯಾರಾದರೂ ಹೇಳಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು.

ದೊಡ್ಡವ್ವನಿಗೆ ಎರಡು ಮಕ್ಕಳಾಗಿದ್ದವು. ಮೊದಲನೆಯದು ಗಂಡು, ಬಾಣಂತಿತನ ಮುಗಿಯುವುದರೊಳಗೆ ಹೋಯಿತು. ಎರಡನೆಯದು ಹೆಣ್ಣು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಒಂದು ಪದ್ಧತಿ ಇದೆ. ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸುತ್ತಾರೆ. ನೆರೆಮನೆಯವಳು ಅದನ್ನು ಎತ್ತಿಕೊಂಡು ಬಂದು ಒಂದು ಮೊರ ತೌಡಿಗೆ ತಾಯಿಗೇ ಮಾರುತ್ತಾಳೆ. ಕಸಕಡ್ಡಿಯ ಹೆಸರನ್ನೇ ಇಡುತ್ತಾರೆ. ಇದು ನಮ್ಮದಲ್ಲ, ಯಾರೋ ಬಿಸಾಡಿದ್ದು, ನಮಗೇನೂ ಇದರ ಮೇಲೆ ಅಂಥ ಆಸೆಯಿಲ್ಲ ಎಂದು ಮೇಲಿರುವವನಿಗೆ ಕೇಳಿಸಬೇಕು. ಆಸೆ ಕಂಡರೆ ಅವನ ಕಣ್ಣು ಬೀಳುತ್ತದೆ ಎಂದು ನಂಬಿಕೆ. ದೊಡ್ಡವ್ವ ಆಗ ಎಳೆಯವಳು, ಹೋಟೆಲಿನ ಹುರುಪಿನಲ್ಲಿದ್ದವಳು. ಇದನ್ನೆಲ್ಲ ಮಾಡಲಿಲ್ಲ. ಕೂಸು ಗುಂಡುಗುಂಡಗೆ ಬೆಳೆದು ಅಂಬೆಗಾಲಿಟ್ಟು ಬೆಂಚಿನ ಕಾಲು ಹಿಡಿದು ಎದ್ದು ನಿಂತ ದಿನ, ಗಿರಾಕಿಗಳೆಲ್ಲರ ಮುಂದೆ ಅದನ್ನು ಮೇಲಕ್ಕೆತ್ತಿ, ‘ಇದು ಉಳ್ಕತು ಬುಡಿ, ಇದು ಕಾಯಂ’ ಎಂದಳಂತೆ. ಅದೇ ವಾರ ಜ್ವರ ಬಂತು. ರಾಮನಗರದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಮುಗಿದಿತ್ತು.

‘ಅವತ್ತಿಂದ ಆಸೆ ಇಟ್ಕಂಡ ಜೀವಕ್ಕೆ ಆ ಮಾತು ಅನ್ನಲ್ಲ ಅವ್ಳು’ ಎಂದಳು ಅವ್ವ. ‘ನಿನ್ನ ಅಲ್ಲಿ ಬುಟ್ಟ ಹೊಸದ್ರಲ್ಲೇ, ನನ್ನ ನೋಡಕ್ಕೆ ಬಂದಾಗ ಹೇಳಿದ್ಲು. ನಾನು ಇದ್ನ ನಮ್ದು ಅನ್ನಲ್ಲ ಕಣೇ, ನೀನು ನೊಂದ್ಕಬ್ಯಾಡ, ಮಗು ಉಳೀಲಿ ಅಂತ. ನಿಮ್ಮಪ್ಪಂಗೆ ಅದೆಲ್ಲಿ ಅರ್ಥ ಆದಾತು. ನೇರ ಹೋಗಿ ಆ ಮಾತ್ನೇ ಕೇಳ್ತು.’

ನಾನು ಓದಿದವಳು. ಜ್ವರ ಯಾವುದರಿಂದ ಬರುತ್ತದೆ, ಯಾವುದರಿಂದ ಬರುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು. ಬರೀ ಮೌಢ್ಯ ಎಂದು ಅವ್ವನ ಎದುರಿಗೆ ಹೇಳಲೂ ಹೇಳಿದೆ. ಹೇಳುತ್ತಿರುವಾಗಲೇ ಆ ಬೇಸಿಗೆಯ ಟ್ರಂಕುಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಮಗುವಿನದು ಇಲ್ಲಿ ಏನೂ ಉಳಿದಿಲ್ಲ, ಎಲ್ಲ ತೆಗೆದುಕೊಂಡು ಹೊರಟೇ ಹೋಗಿದೆ ಎಂದು ಮೇಲಿರುವವನಿಗೆ ತೋರಿಸಲು ದೊಡ್ಡವ್ವ ಸ್ವೆಟರಿನವರೆಗೆ ತುಂಬುತ್ತಿದ್ದಳು. ನನಗೂ ಆ ಮನೆಯಲ್ಲಿ ಯಾವತ್ತೂ ಏನು ಬೇಕೆಂದು ಕೇಳದೆಯೇ ತಟ್ಟೆ ಬರುತ್ತಿತ್ತು ಎಂಬುದೂ ನೆನಪಾಯಿತು. ಹಾಗೆ ನೋಡಿದರೆ ಹಿತ್ತಲಿನ ಎಮ್ಮೆಗೂ ಕೇಳದೆಯೇ ಹಾಕುತ್ತಿದ್ದಳು. ಯಾವುದನ್ನು ಎಷ್ಟು ನಂಬಬೇಕೋ ತಿಳಿಯಲಿಲ್ಲ. ಸಿಟ್ಟು ಕೂತಿದ್ದ ಜಾಗ ಬಿಟ್ಟು ಎದ್ದಿತ್ತು, ಅದರ ಅಡಿಯಲ್ಲಿದ್ದದ್ದು ಈಗ ನೋಯುತ್ತಿತ್ತು. ಬಿಡದಿ ಬರುವವರೆಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತೆ.

ದೊಡ್ಡವ್ವ ಕುಂಕುಮ ಹಚ್ಚಿಸಿಕೊಂಡಳು. ಗಂಡು ಏನು ಮಾಡುತ್ತಾನೆ, ಮನೆಯಲ್ಲಿ ಎಷ್ಟು ಜನ, ಬೋರ್‌ವೆಲ್ ನೀರು ಹೇಗಿದೆ ಎಂದು ವಿಚಾರಿಸಿದಳು. ಮದುವೆಗೆ ಮೊದಲೇ ಬಂದುಬಿಡಬೇಕು ಎಂದು ಅವ್ವ ಹೇಳಿದ್ದಕ್ಕೆ, ‘ಆದ್ರೆ ಬತ್ತೀವಿ. ಹೋಟ್ಲು ಬುಟ್ಟು ಬರಕಾಯ್ತದಾ’ ಎಂದಳು. ದೊಡ್ಡಪ್ಪ ಅವಳ ಬೆನ್ನ ಹಿಂದೆ ನಿಂತು, ಬಂದೇ ಬರುತ್ತೇವೆ ಎಂದು ಕೈಸನ್ನೆ ಮಾಡಿದ.

ಬಂದರು. ಹಿಂದಿನ ದಿನವೇ ಬಂದು, ಬಂದ ಗಳಿಗೆಯಿಂದ ದೊಡ್ಡವ್ವ ಛತ್ರದ ಅಡಿಗೆಮನೆ ಸೇರಿದಳು. ಅಡಿಗೆ ಭಟ್ಟರ ಇಡ್ಲಿ ಸರಿಯಿಲ್ಲ ಎಂದು ಜಗಳ ತೆಗೆದು ಸೌಟು ಕಿತ್ತುಕೊಂಡಳಂತೆ. ಚಪ್ಪರದ ಶಾಸ್ತ್ರಕ್ಕೆ, ಅರಿಶಿನ ಹಚ್ಚುವುದಕ್ಕೆ, ಯಾವುದಕ್ಕೂ ನನ್ನ ಹತ್ತಿರ ಸುಳಿಯಲಿಲ್ಲ.

ನಮ್ಮಲ್ಲಿ ಮದುವೆ ಎಂದರೆ ಧಾರೆ. ತಾಳಿ ಕಟ್ಟಿದರೂ, ಹಾರ ಹಾಕಿದರೂ, ಧಾರೆ ಎರೆಯುವ ತನಕ ಹೆಣ್ಣು ತವರಿನವಳು. ಗಂಡು ಹೆಣ್ಣಿನ ಕೈಗಳನ್ನು ಜೋಡಿಸಿ, ತೆಂಗಿನಕಾಯಿ ಇಟ್ಟು, ಹೆತ್ತವರು ಗಿಂಡಿಯಿಂದ ಹಾಲು ಎರೆಯುತ್ತಾರೆ. ಅವರ ಹಿಂದೆ ನೆಂಟರಿಷ್ಟರು ಸಾಲುಗಟ್ಟಿ ಬಂದು ತಾವೂ ಒಂದೊಂದು ಸಲ ಎರೆದು ಹೋಗುತ್ತಾರೆ. ಮೊದಲ ಗಿಂಡಿಯನ್ನು ಹಿಡಿಯುವವರು ಯಾರೋ ಅವರ ಮಗಳು ಎಂದು ಊರಿಗೆಲ್ಲ ತಿಳಿಯುವುದು ಅಲ್ಲೇ.

ಅಪ್ಪ ಅವ್ವ ಗಿಂಡಿ ಹಿಡಿದು ನಿಂತರು. ಅವ್ವ ತಲೆ ಎತ್ತಿ ಜನರ ಕಡೆ ನೋಡಿ, ‘ಅಕ್ಕ, ಬಾ ಇಲ್ಲಿ, ಕೈ ಹಾಕು’ ಎಂದು ಕೂಗಿದಳು. ದೊಡ್ಡವ್ವ ಒಂದು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಎಲ್ಲರೂ ತಿರುಗಿ ನೋಡಿದ್ದೇ ಅವಳಿಗೆ ಗಾಬರಿಯಾಯಿತು.

‘ನಂದ್ಯಾಕೆ? ಹೆತ್ತೋರು ಎರೀರಿ. ನನ್ ಕೈ ಆಗ್ಬರಲ್ಲ.’ ಅಷ್ಟು ಹೇಳಿ ಅಡಿಗೆಮನೆಯ ಕಡೆ ಸರಸರನೆ ನಡೆದುಬಿಟ್ಟಳು.

ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. ಅಪ್ಪ ಗಿಂಡಿ ಬಗ್ಗಿಸಿದ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ಎಳೆದುಕೊಳ್ಳಬೇಕೆಂದು ಮೊದಲೇ ಯೋಚಿಸಿರಲಿಲ್ಲ, ಕೈ ತಾನಾಗಿ ಹಿಂದೆ ಬಂತು. ಓಲಗ ನಿಂತಿತು. ಒಬ್ಬನೇ ತೆಂಗಿನಕಾಯಿ ಹಿಡಿದುಕೊಂಡು ಕೂತ ಗಂಡು ಪಾಪ ಬೆವರತೊಡಗಿದ. ಅವರ ಕಡೆಯ ಹಿರಿಯರೊಬ್ಬರು ಎದ್ದು, ‘ಏನಮ್ಮ, ಹುಡ್ಗಿಗೆ ಇಷ್ಟ ಇಲ್ವಾ? ಈಗ್ಲೇ ಹೇಳ್ಬುಡಿ’ ಎಂದರು. ಮದುವಣಗಿತ್ತಿ ಮಂಟಪದಲ್ಲಿ ಬಾಯಿ ಬಿಡುವ ಕಾಲ ಅದಾಗಿರಲಿಲ್ಲ.

‘ಇಷ್ಟ ಐತೆ’ ಎಂದೆ. ‘ದೊಡ್ಡವ್ವ ಕೈ ಹಾಕ್ಲಿ. ಆಮೇಲೆ ಎರೀರಿ.’

ದೊಡ್ಡಪ್ಪ ಓಡಿದ. ಅಡಿಗೆಮನೆಯ ಕಡೆಯಿಂದ ಜಗಳದ ದನಿ ಕೇಳಿತು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಕೆಂಡವಾಗಿತ್ತು.

‘ಬುದ್ಧಿ ಐತೇನೇ ನಿಂಗೆ? ಮಂಟಪದಲ್ಲಿ ಕುಂತ್ಕಂಡು ಹಟ ಮಾಡ್ತೀಯ? ನನ್ ಕೈ ಆಗ್ಬರಲ್ಲ ಅಂತ ಹೇಳ್ಲಿಲ್ವಾ?’

ನನಗೆ ಕಣ್ಣು ತುಂಬಿ ಬಂದಿತ್ತು. ಅಷ್ಟು ಜನರ ಎದುರಿಗೆ ದನಿ ಗಟ್ಟಿ ಮಾಡಿಕೊಂಡು ಹೇಳಿದೆ. ‘ನಿನ್ ಕೈಲಿ ಉಂಡೇ ನಾನು ಇಷ್ಟುದ್ದ ಆಗಿರದು. ಆಗ್ಬರ್ದೆ ಇದ್ದಿದ್ರೆ ಇಷ್ಟೊತ್ಗೆ ಗೊತ್ತಾಗ್ಬೇಕಿತ್ತು.’

ಅವಳು ಯಾರನ್ನೂ ನೋಡದೆ ಮಂಟಪ ಹತ್ತಿ ಬಂದು ಗಿಂಡಿಗೆ ಕೈ ಹಾಕಿದಳು. ಹಾಕಿದ್ದೇ ಮುಖವನ್ನು ಪೂರ್ತಿ ಓಲಗದವರ ಕಡೆ ತಿರುಗಿಸಿಕೊಂಡಳು. ಇಲ್ಲಿ ನಡೆಯುತ್ತಿರುವುದು ಯಾರದೋ ಮದುವೆ, ತಾನು ದಾರಿಯಲ್ಲಿ ಹೋಗುತ್ತ ಒಂದು ಕೈ ನೀಡಿದ್ದೇನೆ ಎನ್ನುವ ಹಾಗೆ. ನೋಡದೆ ಎರೆದದ್ದರಿಂದ ಹಾಲು ತೆಂಗಿನಕಾಯಿಯ ಮೇಲೆ ಬಿದ್ದದ್ದಕ್ಕಿಂತ ಗಂಡಿನ ತೋಳಿನ ಮೇಲೆ ಬಿದ್ದದ್ದೇ ಹೆಚ್ಚು.

ಇಷ್ಟೆಲ್ಲ ಗದ್ದಲ ಮಾಡಿಸಿದ ಈ ಹೆಂಗಸು ಯಾರೆಂದು ಬೈರಾಪಟ್ಟಣದ ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ಬಗ್ಗಿ ಅವ್ವನನ್ನು ಕೇಳಿದರು, ‘ಇವ್ರು ಯಾರು?’

ಅವ್ವ ಹಾಲಿನ ಧಾರೆಯಿಂದ ಕಣ್ಣು ತೆಗೆಯದೆ ಹೇಳಿದಳು. ‘ಅವ್ಳ ಅವ್ವ.’

‘ಅಲ್ಲ, ಅಲ್ಲ!’ ದೊಡ್ಡವ್ವ ಬೆಚ್ಚಿಬಿದ್ದು ಛತ್ರದ ಸೂರಿನ ಕಡೆ ಮುಖವೆತ್ತಿ, ಅಲ್ಲಿ ಯಾರಿಗೋ ಕೇಳಿಸಬೇಕೆನ್ನುವಷ್ಟು ಜೋರಾಗಿ ಕೂಗಿದಳು. ‘ದೊಡ್ಡವ್ವ. ಬರೀ ದೊಡ್ಡವ್ವ ನಾನು. ಅವ್ಳು ನಂಗೇನೂ ಆಗ್ಬೇಕಾಗಿಲ್ಲ.’

ಕೈಯನ್ನು ಮಾತ್ರ ಗಿಂಡಿಯಿಂದ ತೆಗೆಯಲಿಲ್ಲ. ಹಾಲು ಮುಗಿದು, ಮುಂದಿನ ನೆಂಟರು ಬಂದು ಕಾಯುತ್ತ ನಿಂತ ಮೇಲೂ ತೆಗೆಯಲಿಲ್ಲ.